ಇನ್ನೊಂದು ವಾರ ಸಾಕು

ಸಂಜೆ ಆರಾಯಿತೆಂದರೆ ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ಸರಕು ಲಾರಿಗಳು ನಿಂತುಬಿಡುತ್ತವೆ. ಮುಂದೆ ದಿಂಬಂ ಘಟ್ಟ, 27 ಹಿಮ್ಮುರಿ ತಿರುವು, ಅದರಾಚೆ ಹಾಸನೂರು, ಬಲಕ್ಕೂ ಎಡಕ್ಕೂ ಹುಲಿ ಕಾಡು. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುವುದನ್ನು ತಡೆಯಲು ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಲಾರಿಯಲ್ಲಿ ಟೈಲ್ಸ್ ಇರಲಿ, ಕಬ್ಬಿಣ ಇರಲಿ, ಬೆಳಗಾಗಬೇಕು. ಬೆಳಗಾದ ಮೇಲೂ ಭರವಸೆಯಿಲ್ಲ. ತಿರುವಿನಲ್ಲಿ ಭಾರದ ಲಾರಿಯೊಂದು ಕೆಟ್ಟು ನಿಂತರೆ ಇಡೀ ಘಟ್ಟವೇ ಗಂಟೆಗಟ್ಟಲೆ ಸ್ತಬ್ಧ. ಹಾಸನೂರಿನ ಹತ್ತಿರ ಕಾರಪಳ್ಳಂ ಚೆಕ್‌ಪೋಸ್ಟಿನ ಸುತ್ತ ಕಬ್ಬಿನ ಲಾರಿ ಅಡ್ಡಗಟ್ಟುವುದನ್ನು ಕಲಿತ ಆನೆಗಳಿವೆ. ಅವುಗಳಿಗೆ ಟೈಲ್ಸ್ ಬೇಡ, ಆದರೆ ಹಿಂದಿನ ಲಾರಿಯಲ್ಲಿ ಟೈಲ್ಸ್ ಇದೆ ಎಂಬುದು ಅವುಗಳಿಗೇನು ಗೊತ್ತು?

ಈ ಘಟ್ಟದಾಚೆ, ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದರೂ ಮಾತಿನಲ್ಲಿ, ಹಬ್ಬದಲ್ಲಿ, ನೆಂಟಸ್ತಿಕೆಯಲ್ಲಿ ಚಾಮರಾಜನಗರದ ಕಡೆಗೇ ಮುಖ ಮಾಡಿರುವ ಸೀಮೆ ತಾಳವಾಡಿ. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ರಾಜ್‌ಕುಮಾರ್ ಹುಟ್ಟೂರು ಗಾಜನೂರು ಇಲ್ಲಿಯದು. ದೀಪಾವಳಿಯ ಬೆನ್ನಿಗೇ ಗೊರೆಹಬ್ಬದಲ್ಲಿ ಸಗಣಿ ಎರಚಾಡುವ ಗುಮಟಾಪುರವೂ ಇಲ್ಲಿಯದು. ಇಲ್ಲಿನ ಊರುಗಳಲ್ಲಿ ಮಣ್ಣಿನ ಗೋಡೆ, ಹೆಂಚಿನ ಮಾಡು, ಮುಂದೊಂದು ಜಗಲಿಯ ಮನೆಗಳು ಇನ್ನೂ ಉಳಿದಿವೆ. ಅವುಗಳಲ್ಲಿ ಒಂದಲ್ಲ ಒಂದು ಮನೆಯ ಬೆನ್ನು ಯಾವಾಗಲೂ ಬಿಚ್ಚಿರುತ್ತದೆ. ಅಡುಗೆಮನೆ ದೊಡ್ಡದಾಗಬೇಕು, ಬಚ್ಚಲು ಒಳಗೆ ಬರಬೇಕು, ಸೋರುವ ಹೆಂಚಿನ ಜಾಗಕ್ಕೆ ಆರ್‌ಸಿಸಿ ಬೀಳಬೇಕು. ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಮೇಸ್ತ್ರಿಯ ಉತ್ತರವೂ ಸಿದ್ಧ: “ಇನ್ನೊಂದ್ ವಾರ ಸಾಕು ಕನಣ್ಣ.”

ಮೇಸ್ತ್ರಿ ಸುಳ್ಳು ಹೇಳುತ್ತಿದ್ದಾರೆಂದು ಮನೆಯವರು ನಂಬುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹಾಗೆ ಕಾಣುವುದಿಲ್ಲ.

ತಾಳವಾಡಿಯ ಒಂದು ಬೀದಿಯಲ್ಲಿ ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹಿಂಭಾಗದ ಹೆಂಚು ಇಳಿಸುವುದಕ್ಕೆ ಎರಡು ದಿನ. ಗುಂಡಿ ತೆಗೆದು ಪಿಲ್ಲರ್ ಎಬ್ಬಿಸುವುದಕ್ಕೆ ಐದು, ಇಟ್ಟಿಗೆ ಗೋಡೆಗೆ ಐದು, ಸೆಂಟ್ರಿಂಗ್ ಮತ್ತು ಕಬ್ಬಿಣ ಕಟ್ಟುವುದಕ್ಕೆ ನಾಲ್ಕು, ಮೋಲ್ಡ್ ಹಾಕುವುದಕ್ಕೆ ಒಂದು, ಒಳಗೂ ಹೊರಗೂ ಪ್ಲಾಸ್ಟರಿಂಗಿಗೆ ಐದು, ಪೈಪು ಮತ್ತು ವೈರಿಂಗಿಗೆ ನಾಲ್ಕು, ಟೈಲ್ಸಿಗೆ ಐದು, ಬಣ್ಣಕ್ಕೆ ನಾಲ್ಕು. ಒಟ್ಟು 35 ದಿನ. ಮೇಸ್ತ್ರಿ ‘ಒಂದೂಕಾಲು ತಿಂಗಳು’ ಎಂದರೆ ಈ 35 ದಿನವನ್ನು ಹೇಳಿದ್ದಾರೆ. ಅದು ಕೈ ಆಡುವ ದಿನಗಳ ಲೆಕ್ಕ. ಮನೆಯವರು ಕೇಳಿಸಿಕೊಂಡದ್ದು ಕ್ಯಾಲೆಂಡರಿನ ದಿನಗಳನ್ನು. ಜಗಳದ ಬೇರು ಇಲ್ಲಿದೆ. ಮನೆ ದುರಸ್ತಿಯಲ್ಲಿ ಕೆಲಸ ನಡೆಯುವ ದಿನಗಳಿಗಿಂತ ಏನೂ ನಡೆಯದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ಕೆಲವು ವಸ್ತು ಕೇಳುವ ಕಾಲ, ಉಳಿದವು ಮನುಷ್ಯರು ಕಳೆಯುವ ಕಾಲ. ಎರಡನ್ನೂ ಒಂದೇ ಎಂದು ತಿಳಿದವರು ಕಡಿಮೆ ಮಾಡಬಾರದ ಕಡೆ ಕಡಿಮೆ ಮಾಡಿ, ಮಾಡಬೇಕಾದ ಕಡೆ ಸುಮ್ಮನಿರುತ್ತಾರೆ.

ಮೊದಲು ವಸ್ತುವಿನ ಕಾಲ. ಸಿಮೆಂಟು ‘ಒಣಗುತ್ತದೆ’ ಎಂಬುದು ಆಡುಮಾತು. ನಿಜಕ್ಕೂ ಅದು ನೀರನ್ನು ತನ್ನೊಳಗೆ ಸೇರಿಸಿಕೊಂಡು ಗಟ್ಟಿಯಾಗುತ್ತದೆ. ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ಸೇರಿ ಹೊಸ ಹರಳುಗಳೂ ಅಂಟಿನಂಥ ಒಂದು ಪದಾರ್ಥವೂ ಹುಟ್ಟಿ, ಜಲ್ಲಿ ಮತ್ತು ಮರಳನ್ನು ಹಿಡಿದು ಬಿಗಿಯುತ್ತವೆ. ಈ ಸಿಲಿಕೇಟುಗಳಲ್ಲಿ ಒಂದು ಚುರುಕು, ಮೊದಲ ವಾರಗಳ ಬಲ ಅದರದ್ದು. ಇನ್ನೊಂದು ನಿಧಾನ, ತಿಂಗಳುಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಏಳು ದಿನಕ್ಕೆ ಕಾಂಕ್ರೀಟಿಗೆ ಬರುವ ಬಲ 28ನೆಯ ದಿನದ ಬಲದ ಸುಮಾರು ಮೂರನೇ ಎರಡು ಭಾಗ. ಆದ್ದರಿಂದಲೇ ‘ನೀರು ಹೊಡೆಯುವುದು’ ಕಾಟಾಚಾರವಲ್ಲ. ನೀರು ತಪ್ಪಿದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ಎಷ್ಟು ನೀರು ಸುರಿದರೂ ಕಳೆದುಕೊಂಡ ಬಲ ಪೂರ್ತಿ ಮರಳುವುದಿಲ್ಲ.

ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456 (2000ದ ಆವೃತ್ತಿ) ಇದಕ್ಕೆ ಕನಿಷ್ಠ ಮಿತಿಗಳನ್ನು ಇಟ್ಟಿದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಏಳು ದಿನ ನೀರುಣಿಸಬೇಕು; ಹಾರುಬೂದಿ ಬೆರೆಸಿದ ಸಿಮೆಂಟಿಗೆ ಹತ್ತು ದಿನ. ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿಗೆ ಕೊಟ್ಟ ಆಸರೆ ಕಂಬಗಳನ್ನು ಏಳು ದಿನ, ಅದಕ್ಕೂ ಅಗಲವಾದ ಸ್ಲ್ಯಾಬಾದರೆ 14 ದಿನ ಕದಲಿಸಬಾರದು. ತೊಲೆ ಆರು ಮೀಟರ್ ದಾಟಿದರೆ 21 ದಿನ. ಈ ಅವಧಿಗಳಿಗೆ ಒಂದು ಷರತ್ತಿದೆ: ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಬಳಸಿರಬೇಕು, ಸುತ್ತಣ ತಾಪ 15 ಡಿಗ್ರಿಗಿಂತ ಕೆಳಗಿಳಿಯಬಾರದು. ಬಯಲುಸೀಮೆಯವರು ಷರತ್ತಿನ ಎರಡನೆಯ ಭಾಗವನ್ನು ಓದದೆಯೂ ಬದುಕಬಹುದು. ಹಾಸನೂರು, ದಿಂಬಂ ಕಡೆಯ ಮಾಗಿ ಚಳಿಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ತಾಪ ಇಳಿದಷ್ಟೂ ಸಿಮೆಂಟಿನ ಕ್ರಿಯೆ ನಿಧಾನ. ಊರಿನ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಹಾರುಬೂದಿ ಸಿಮೆಂಟು, ಅದೂ ಆರಂಭದಲ್ಲಿ ನಿಧಾನದ್ದೇ. ಡಿಸೆಂಬರಿನಲ್ಲಿ ಮೋಲ್ಡ್ ಹಾಕಿ ಏಳನೆಯ ದಿನಕ್ಕೆ ಸೆಂಟ್ರಿಂಗ್ ಬಿಚ್ಚಲು ಅವಸರಪಡುವ ಯಜಮಾನನನ್ನು “ಹದಿನೈದು ದಿನ ಆಗ್ಲಿ” ಎಂದು ತಡೆಯುವ ಹಳೆಯ ಮೇಸ್ತ್ರಿ ಸಂಹಿತೆ ಓದಿರಲಿಕ್ಕಿಲ್ಲ, ಆದರೆ ಅದರ ಪಕ್ಷದಲ್ಲೇ ಇದ್ದಾರೆ.

ಪ್ಲಾಸ್ಟರಿಂಗಿಗೆ ಒಂದು ವಾರ ನೀರು ಬೇಕು, ಆಮೇಲೆ ಬಣ್ಣ ಹಿಡಿಯುವಷ್ಟು ಆರುವುದಕ್ಕೆ ಇನ್ನೂ ಮೂರು ನಾಲ್ಕು ವಾರ. ಹಸಿ ಗೋಡೆಯ ಕ್ಷಾರ ಮತ್ತು ತೇವ ಬಣ್ಣವನ್ನು ಉಬ್ಬಿಸಿ ಸುಲಿಯುತ್ತವೆ. ಹೊಸ ಬಚ್ಚಲಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ಒಂದೆರಡು ದಿನ ನೀರು ನಿಲ್ಲಿಸಿ ಸೋರುತ್ತದೆಯೇ ಎಂದು ನೋಡಬೇಕು. ಟೈಲ್ಸ್ ಹಾಕಿದ ಮೇಲೆ ಸೋರಿದರೆ ಒಡೆಯದೆ ಬೇರೆ ದಾರಿಯಿಲ್ಲ. ಇವೆಲ್ಲ ಸೇರಿದರೆ, ಒಂದರ ಕಾಯುವಿಕೆಯಲ್ಲಿ ಇನ್ನೊಂದರ ಕೆಲಸ ಮುಗಿಸಿಕೊಂಡರೂ, 35 ದಿನದ ಕೈಕೆಲಸ ಎರಡೂವರೆ ಮೂರು ತಿಂಗಳಾಗುತ್ತದೆ. ಎಲ್ಲರೂ ಹೇಳಿದ ದಿನಕ್ಕೇ ಬಂದರೆ, ಏನೂ ತಪ್ಪದಿದ್ದರೆ ಮಾತ್ರ ಅಷ್ಟು. ಹಳೆಯ ಮನೆಯಲ್ಲಿ ತಪ್ಪದೆ ಇರುವುದೇ ಅಪರೂಪ.

ಹೊಸ ಮನೆಗೂ ಹಳೆ ಮನೆಯ ದುರಸ್ತಿಗೂ ಇರುವ ಅಂತರ ಇದೇ: ಖಾಲಿ ನಿವೇಶನದಲ್ಲಿ ಕಣ್ಣಿಗೆ ಕಾಣದ್ದು ನೆಲದ ಅಡಿ ಮಾತ್ರ, ಹಳೆ ಮನೆಯಲ್ಲಿ ಎಲ್ಲವೂ ಅಡಗಿರುತ್ತದೆ. ಹೆಂಚು ಇಳಿಸಿದ ಮೇಲೆಯೇ ಗೊತ್ತಾಗುವುದು ತೊಲೆಯ ತುದಿಯನ್ನು ಗೆದ್ದಲು ತಿಂದಿದೆ ಎಂದು. ಗೋಡೆ ಕೆದಕಿದ ಮೇಲೆಯೇ ಅದರ ಹೊಟ್ಟೆಯೊಳಗಿನ ಮಣ್ಣು ಉದುರುವುದು. ತೂಕದ ಲೆಕ್ಕವನ್ನು ಮರೆಯುವವರೂ ಇದ್ದಾರೆ. ಮಂಗಳೂರು ಹೆಂಚು ಮತ್ತು ರೀಪು ಸೇರಿದ ಮಾಡಿನ ಭಾರ ಚದರ ಮೀಟರಿಗೆ ಸುಮಾರು 65 ಕಿಲೋ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬಿನ ಭಾರ 300 ಕಿಲೋ ದಾಟುತ್ತದೆ. ಹೆಂಚು ಹೊತ್ತ ಮಣ್ಣಿನ ಗೋಡೆಯ ಮೇಲೆ ಅದರ ಐದು ಪಟ್ಟು ಹೊರಿಸಲಾಗದು, ಪಿಲ್ಲರ್ ಬೇಕು, ಪಿಲ್ಲರಿಗೆ ಗುಂಡಿ ಬೇಕು. ‘ಮಾಡು ಬದಲಿಸೋಣ’ ಎಂದು ಶುರುವಾದದ್ದು ಅಡಿಪಾಯಕ್ಕೆ ಇಳಿಯುವುದು ಹೀಗೆ. ಕೆಲಸ ಶುರುವಾಗುವ ಮೊದಲೇ ಎರಡು ಮೂರು ಕಡೆ ಹೆಂಚು ಸರಿಸಿ, ಗೋಡೆಯನ್ನು ಅಂಗೈಯಗಲ ಕೆದಕಿ ನೋಡಿದರೆ ಅರ್ಧ ದಿನ ಹೋಗುತ್ತದೆ, ಒಂದು ತಿಂಗಳು ಉಳಿಯುತ್ತದೆ.

ಅಮೆರಿಕದಲ್ಲೂ ಇದೇ ಕಥೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ದಂಪತಿ ಮೂರು ತಿಂಗಳೆಂದುಕೊಂಡು ಕೈಹಾಕಿದ ಅಡುಗೆಮನೆ ಕೆಲಸ ಒಂದೂವರೆ ವರ್ಷ ಎಳೆದದ್ದನ್ನು ಬೆಂಟ್ ಫ್ಲೂಬಿಯಾರ್ ಮತ್ತು ಡಾನ್ ಗಾರ್ಡ್ನರ್ 2023ರ ತಮ್ಮ ಪುಸ್ತಕದಲ್ಲಿ ಬಿಡಿಸಿ ಹೇಳಿದ್ದಾರೆ. ನೆಲ ಬಿಚ್ಚಿದಾಗ ಹಳೆಯ ಕಟ್ಟೋಣದ ದೋಷಗಳು ಹೊರಬಿದ್ದವು. ಹೇಗೂ ಬಿಚ್ಚಿದ್ದೇವಲ್ಲ, ಇದನ್ನೂ ಮಾಡಿಬಿಡೋಣ ಎಂದು ಒಂದಕ್ಕೊಂದು ಸೇರಿತು. ಹಣದ ಲೆಕ್ಕವೂ ಇಷ್ಟೇ ದಿಕ್ಕೆಟ್ಟದ್ದು. ಅಡುಗೆಮನೆ ನವೀಕರಿಸಿದ ಅಮೆರಿಕನ್ನರ 2002ರ ಸಮೀಕ್ಷೆಯೊಂದನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಉಲ್ಲೇಖಿಸುತ್ತಾರೆ: ಸರಾಸರಿ ಅಂದಾಜು 18,658 ಡಾಲರ್, ಕೊನೆಗೆ ತೆತ್ತದ್ದು 38,769.

ಕಡಿಮೆ ಅಂದಾಜು ಹಾಕುವ ಈ ಚಾಳಿಗೆ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲೇ ಹೆಸರಿಟ್ಟಿದ್ದರು. ಕನ್ನಡದಲ್ಲಿ ಅದನ್ನು ‘ಯೋಜನಾ ಭ್ರಮೆ’ ಎನ್ನಬಹುದು. ತಾನು ಮಾಡಲಿರುವ ಕೆಲಸವನ್ನು ಮನುಷ್ಯ ಒಳಗಿನಿಂದ, ಹೆಜ್ಜೆ ಹೆಜ್ಜೆಯಾಗಿ ಊಹಿಸಿಕೊಳ್ಳುತ್ತಾನೆ. ಆ ಊಹೆಯಲ್ಲಿ ಮಳೆ ಬರುವುದಿಲ್ಲ, ಪ್ಲಂಬರ್ ಫೋನ್ ಎತ್ತುತ್ತಾನೆ. ಕೆನಡಾದ ರೋಜರ್ ಬ್ಯೂಲರ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟರೆ? ಸುಮಾರು 49 ದಿನ. ನಿಜಕ್ಕೂ ಹಿಡಿದದ್ದು 55ಕ್ಕೂ ಹೆಚ್ಚು. ಮನಸ್ಸು ಅತಿ ಕೆಟ್ಟದ್ದೆಂದು ಊಹಿಸಿದ್ದಕ್ಕಿಂತಲೂ ವಾಸ್ತವವೇ ನಿಧಾನವಾಗಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಂತು: ಬೇರೆಯವರ ಕೆಲಸದ ಬಗ್ಗೆ ಅಂದಾಜು ಹೇಳುವಾಗ ಜನ ಇಷ್ಟು ಆಶಾವಾದಿಗಳಾಗಿರುವುದಿಲ್ಲ. ಹಾಗಾಗಿ ಮೇಸ್ತ್ರಿಯನ್ನು “ಇದು ಎಷ್ಟು ದಿನ ಹಿಡೀತದೆ” ಎಂದು ಕೇಳುವುದಕ್ಕಿಂತ “ಇದಕ್ಕೆ ಮುಂಚೆ ಮಾಡಿದ ಮೂರು ಮನೆ ಎಷ್ಟೆಷ್ಟು ದಿನ ಹಿಡಿದ್ವು” ಎಂದು ಕೇಳುವುದು ಜಾಣತನ. ಅದಕ್ಕಿಂತ ಜಾಣತನ, ಆ ಮೂರು ಮನೆಯವರನ್ನೇ ಕೇಳುವುದು.

ಮನಸ್ಸಿನ ಭ್ರಮೆಯ ಜೊತೆಗೆ ಗಣಿತದ ಬಲೆಯೂ ಇದೆ. ಹತ್ತು ಕೆಲಸ ಒಂದರ ಹಿಂದೆ ಒಂದು, ಪ್ರತಿಯೊಂದೂ ಸಮಯಕ್ಕೆ ಮುಗಿಯುವ ಸಾಧ್ಯತೆ ನೂರಕ್ಕೆ 90 ಎಂದಿರಲಿ. ಹತ್ತೂ ಸಮಯಕ್ಕೆ ಮುಗಿಯುವ ಸಾಧ್ಯತೆ ನೂರಕ್ಕೆ 35 ಮಾತ್ರ. ಒಂದು ಬೇಗ ಮುಗಿದರೆ ಇನ್ನೊಂದರ ತಡ ಸರಿದೂಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಸರಿದೂಗುವುದಿಲ್ಲ. ಪ್ಲಾಸ್ಟರಿಂಗ್ ಎರಡು ದಿನ ಮೊದಲೇ ಮುಗಿದರೂ ಟೈಲ್ಸ್‌ನವನು ಬರುವುದು ತಾನು ಹೇಳಿದ ಸೋಮವಾರಕ್ಕೇ. ಎರಡು ದಿನ ತಡವಾದರೆ ಮಾತ್ರ ಆತ ಬೇರೆ ಊರಿನ ಕೆಲಸ ಹಿಡಿದು ಹತ್ತು ದಿನ ಕಾಣೆಯಾಗುತ್ತಾನೆ. ಉಳಿದ ದಿನ ಮುಂದಕ್ಕೆ ದಾಟುವುದಿಲ್ಲ, ಕಳೆದ ದಿನ ಬಡ್ಡಿ ಸಮೇತ ದಾಟುತ್ತದೆ.

ಮೇಸ್ತ್ರಿ ಯಾಕೆ ಒಂದೇ ಸಲ ಐದು ಮನೆ ಹಿಡಿಯುತ್ತಾರೆ? ದುರಾಸೆ ಎಂಬುದು ಸುಲಭದ ಉತ್ತರ. ಒಂದೊಂದು ಮನೆಯಲ್ಲೂ ಸಿಮೆಂಟಿಗೆ ಕಾಯುವ ದಿನಗಳಿವೆ, ಆ ದಿನಗಳಲ್ಲಿ ಆಳುಗಳಿಗೆ ಕೂಲಿ ಸಿಗಬೇಕು. ಇಲ್ಲದಿದ್ದರೆ ಅವರು ಮೆಟ್ಟುಪಾಳ್ಯವೋ ಕೊಯಮತ್ತೂರೋ ಎಂದು ಹೊರಟುಬಿಡುತ್ತಾರೆ. ಆದರೆ ಇದರ ಪರಿಣಾಮವನ್ನು ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದು ನಿಷ್ಠುರವಾಗಿ ಹೇಳುತ್ತದೆ: ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಮುಗಿಸುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಕಾಲ ಸಿಗುತ್ತದೆ. ತಿಂಗಳಿಗೊಂದು ಮನೆ ಮುಗಿಸುವ ಮೇಸ್ತ್ರಿಯ ಕೈಯಲ್ಲಿ ಸದಾ ಐದು ಮನೆಯಿದ್ದರೆ ಪ್ರತಿ ಮನೆಯೂ ಸರಾಸರಿ ಐದು ತಿಂಗಳು ಬಿಚ್ಚಿರುತ್ತದೆ. ಬ್ಯಾಂಕಿನ ಸಾಲಿಗೂ ಆಸ್ಪತ್ರೆಯ ಸಾಲಿಗೂ ಒಪ್ಪುವ ಸೂತ್ರ ಇದು. ಮಾತುಕತೆಯ ದಿನ ದರಕ್ಕಾಗಿ ಎಳೆದಾಡುವವರು ‘ಈಗ ಕೈಯಲ್ಲಿ ಎಷ್ಟು ಮನೆ ಇದೆ’ ಎಂಬ ಒಂದು ಪ್ರಶ್ನೆ ಕೇಳಿದರೆ ಚದರಡಿಗೆ ಉಳಿಸಿದ ಹತ್ತು ರೂಪಾಯಿಗಿಂತ ಹೆಚ್ಚು ಲಾಭ.

ತಾಳವಾಡಿಗೆ ತನ್ನದೇ ಆದ ತಡಗಳೂ ಇವೆ. ಘಟ್ಟದ ರಸ್ತೆ ಒಂದಾದರೆ ಇನ್ನೊಂದು ಪಂಚಾಂಗ. ಕನ್ನಡದ ಮನೆಯವರಿಗೆ ಆಷಾಢ ಚಾಂದ್ರಮಾನದ್ದು, ತಮಿಳರ ಆಡಿ ಮಾಸ ಸೌರಮಾನದ್ದು. ಯಜಮಾನರು ಕನ್ನಡದವರು, ಮೇಸ್ತ್ರಿ ಸತ್ಯಮಂಗಲದ ಕಡೆಯವರು ಎಂದಾದರೆ ಎರಡನ್ನೂ ಕಳೆಯಬೇಕು. 2025ರಲ್ಲಿ ಆಷಾಢ ಜೂನ್ 26ಕ್ಕೆ ಶುರುವಾಗಿ ಜುಲೈ 24ಕ್ಕೆ ಮುಗಿಯಿತು. ಆಡಿ ಜುಲೈ 17ರಿಂದ ಆಗಸ್ಟ್ 16ರವರೆಗೆ. ಎರಡೂ ಸೇರಿ 52 ದಿನ ಹೊಸದಾಗಿ ಕೆಲಸ ಆರಂಭಿಸುವಂತಿಲ್ಲ, ಗೃಹಪ್ರವೇಶವಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಆಷಾಢ ಜುಲೈ 15ಕ್ಕೆ ಸರಿಯುವುದರಿಂದ ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ, ಹೋಗುವುದು ಒಂದು ತಿಂಗಳು ಮಾತ್ರ. ಧನುರ್ಮಾಸ ಮತ್ತು ಮಾರ್ಗಳಿ ಎರಡೂ ಸೌರಮಾನವೇ ಆದ್ದರಿಂದ ಅಲ್ಲಿ ತಕರಾರಿಲ್ಲ. ನಂಬಿಕೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆಷಾಢ ಬರುತ್ತದೆಂಬುದು ವರ್ಷದ ಮೊದಲೇ ಗೊತ್ತಿರುವ ಸಂಗತಿ, ಅದನ್ನು ‘ಅನಿರೀಕ್ಷಿತ ತಡ’ ಎನ್ನುವಂತಿಲ್ಲ. ಮೋಲ್ಡ್ ಆಷಾಢಕ್ಕೆ ಮುಂಚೆ ಬಿದ್ದರೆ ಆ ತಿಂಗಳು ಸಿಮೆಂಟಿನ ಪಾಲಿಗೆ ನೀರು ಕುಡಿಯುವ ತಿಂಗಳಾಗುತ್ತದೆ. ಶುಭಕಾರ್ಯ ಬೇಡವೆಂದು ಹಿರಿಯರು ಹೇಳಿದ್ದು ಮನುಷ್ಯರಿಗೆ, ಕ್ಯಾಲ್ಸಿಯಂ ಸಿಲಿಕೇಟಿಗಲ್ಲ.

ಬೆಳೆಯೂ ಒಂದು ಪಂಚಾಂಗವೇ. ಅರಿಸಿನ ಕಿತ್ತು, ಬೇಯಿಸಿ, ಒಣಗಿಸಿ ಈರೋಡಿನ ಮಾರುಕಟ್ಟೆಗೆ ಹಾಕಿದ ಮೇಲೆಯೇ ಹಣ. ಕೊಯ್ಲಿನ ಕಾಲದಲ್ಲಿ ಗಾರೆ ಕೆಲಸದ ಆಳುಗಳೂ ಹೊಲಕ್ಕೆ. ಹಿಂಗಾರು ಮಳೆ ಅಕ್ಟೋಬರ್, ನವೆಂಬರಿನಲ್ಲಿ. ಇವನ್ನೆಲ್ಲ ಜೋಡಿಸಿ ನೋಡಿದರೆ ಈ ಸೀಮೆಯಲ್ಲಿ ಹೆಂಚು ಇಳಿಸಲು ಒಳ್ಳೆಯ ಕಾಲ ಸಂಕ್ರಾಂತಿ ಕಳೆದ ಮೇಲಿನದು: ಚಳಿ ಇಳಿದಿರುತ್ತದೆ, ಮಳೆ ದೂರವಿರುತ್ತದೆ, ಆಷಾಢಕ್ಕೆ ಐದಾರು ತಿಂಗಳ ಅಂತರವಿರುತ್ತದೆ. ಕೊಯ್ಲು ಮಾತ್ರ ಅಡ್ಡ ಬರುತ್ತದೆ. ಹಿಂದಿನ ವರ್ಷದ ಹಣವನ್ನು ಕೈಯಲ್ಲಿಟ್ಟುಕೊಂಡು ಶುರುಮಾಡಿದ ಮನೆಗೂ, ಮುಂದಿನ ಬೆಳೆಯನ್ನು ನಂಬಿ ಶುರುಮಾಡಿದ ಮನೆಗೂ ಮುಗಿಯುವ ಕಾಲದಲ್ಲಿ ಅಜಗಜಾಂತರ.

ಇಷ್ಟೆಲ್ಲದರ ನಡುವೆ ಅತಿ ಉದ್ದದ ತಡ ಯಾವುದು? ತೀರ್ಮಾನ ಮಾಡದೆ ಇರುವುದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೋಡಬಹುದು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು, ಅಂಗಡಿಗಳು ಖಾಲಿಯಾದವು. ಉರುಳಿಸಿ ಕಟ್ಟಬೇಕೋ ಉಳಿಸಿ ದುರಸ್ತಿ ಮಾಡಬೇಕೋ ಎಂಬ ವಾದದಲ್ಲೇ ಹತ್ತು ವರ್ಷ ದಾಟಿತು. ಅಷ್ಟು ವರ್ಷ ಇಟ್ಟಿಗೆಗಾಗಲೀ ಗಾರೆಗಾಗಲೀ ಬೇಕಿರಲಿಲ್ಲ. ಮನೆಗಳಲ್ಲಿ ಇದರ ಸಣ್ಣ ರೂಪ ದಿನವೂ ನಡೆಯುತ್ತದೆ. ಬಚ್ಚಲ ಗೋಡೆಯ ಟೈಲ್ಸ್ ಯಾವ ಬಣ್ಣ ಎಂದು ಅತ್ತೆ ಸೊಸೆ ಒಪ್ಪುವವರೆಗೆ ಪ್ಲಂಬರಿನ ಕೊಳಾಯಿ ನಿಲ್ಲುತ್ತದೆ, ಕೊಳಾಯಿ ನಿಲ್ಲುವವರೆಗೆ ಪ್ಲಾಸ್ಟರಿಂಗ್ ನಿಲ್ಲುತ್ತದೆ. ಟೈಲ್ಸ್ ಬಹುಮಟ್ಟಿಗೆ ಗುಜರಾತಿನ ಮೋರ್ಬಿಯಿಂದ ಬರುವ ಸರಕು. ಎರಡನೆಯ ಸಲ ತರಿಸಿದರೆ ಅದೇ ಹೆಸರಿನ ಬಾಕ್ಸಿನಲ್ಲಿ ಬಣ್ಣ ಒಂದು ಛಾಯೆ ಬೇರೆ. ಆದ್ದರಿಂದ ಗೋಡೆಗೆ ಸುತ್ತಿಗೆ ಬೀಳುವ ಮೊದಲೇ ಆರಿಸಿ, ನೂರಕ್ಕೆ ಹತ್ತರಷ್ಟು ಹೆಚ್ಚು ತರಿಸಿ, ಅಟ್ಟದ ಮೇಲಿಡುವುದೇ ಲೇಸು. ಬಾಗಿಲು, ಕಿಟಕಿ, ಗ್ರಾನೈಟ್ ಇವೂ ಹಾಗೆಯೇ. ಸಿಮೆಂಟನ್ನು ಮಾತ್ರ ಹೀಗೆ ಕೂಡಿಡಬಾರದು. ಮೂಟೆಯೊಳಗೇ ಗಾಳಿಯ ತೇವ ಹೀರಿ ಮೂರು ತಿಂಗಳಲ್ಲಿ ಅದು ಸುಮಾರು ಐದನೇ ಒಂದು ಭಾಗ ಬಲ ಕಳೆದುಕೊಳ್ಳಬಹುದು.

ಯಾವ ಕೆಲಸ ತಡವಾದರೆ ಮನೆಯೇ ತಡವಾಗುತ್ತದೆ, ಯಾವುದು ತಡವಾದರೂ ಚಿಂತೆಯಿಲ್ಲ ಎಂದು ಬೇರ್ಪಡಿಸುವ ವಿಧಾನವನ್ನು 1957ರಲ್ಲಿ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲಿ ರೂಪಿಸಿದರು. ಅವರಿಗೆ ರಾಸಾಯನಿಕ ಕಾರ್ಖಾನೆಗಳ ಚಿಂತೆ, ಕೈಯಲ್ಲಿ ಕೋಣೆಯಷ್ಟು ದೊಡ್ಡ ಕಂಪ್ಯೂಟರ್. ಮನೆಗೆ ಒಂದು ಹಾಳೆ ಸಾಕು. ಜಗಲಿಯ ಬಣ್ಣ ಹತ್ತು ದಿನ ತಡವಾದರೆ ಏನೂ ಆಗದು. ಸ್ಲ್ಯಾಬಿನೊಳಗೆ ಹೋಗುವ ವೈರಿನ ಪೈಪು ಒಂದು ದಿನ ತಡವಾದರೆ ಮೋಲ್ಡೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್‌ಗೆ ದಿನಕ್ಕೆರಡು ಸಲ ಫೋನ್ ಮಾಡಬೇಕಾದದ್ದು ಆ ವಾರ.

ಕೊನೆಯ ಸಣ್ಣಪುಟ್ಟ ಕೆಲಸಗಳು ಬೇರೆಯೇ ಒಂದು ಬಗೆಯವು. ಒಂದು ಸ್ವಿಚ್ ಬೋರ್ಡಿನ ಮುಚ್ಚಳ, ಬಾಗಿಲ ಚಿಲಕ, ಸ್ಕರ್ಟಿಂಗಿನ ಎರಡು ಟೈಲ್ಸ್, ತೊಟ್ಟಿಕ್ಕುವ ನಲ್ಲಿ. ಒಂದೊಂದೂ ಅರ್ಧ ಗಂಟೆಯದು, ಆದರೆ ಅರ್ಧ ಗಂಟೆಯ ಕೆಲಸಕ್ಕೆ ಹಾಸನೂರಿನಿಂದ ಯಾರೂ ಬರುವುದಿಲ್ಲ. ಗೃಹಪ್ರವೇಶವಾಗಿ ವರ್ಷವಾದರೂ ಮುಚ್ಚಳವಿಲ್ಲದ ಸ್ವಿಚ್ ಬೋರ್ಡುಗಳಿರುವ ಮನೆಗಳು ಊರೂರಿನಲ್ಲಿವೆ. ಬಲ್ಲವರು ಹಣವನ್ನು ಹಂತಕ್ಕಿಷ್ಟೆಂದು ಮೊದಲೇ ಬರೆದುಕೊಳ್ಳುತ್ತಾರೆ, ಕೊನೆಯ ಕಂತನ್ನು ಮೇಸ್ತ್ರಿಗೆ ಬಿಟ್ಟುಹೋಗಲು ಮನಸ್ಸಾಗದಷ್ಟು ದೊಡ್ಡದಾಗಿ ಇಡುತ್ತಾರೆ. ಆಮೇಲೆ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಮೂವರನ್ನೂ ಒಂದೇ ದಿನ ಮನೆಗೆ ಕರೆಸಿ, ಊಟ ಹಾಕಿ, ಬಾಕಿ ಪಟ್ಟಿಯನ್ನು ಅವರ ಎದುರಿಗೇ ಒಂದೊಂದಾಗಿ ಹೊಡೆದುಹಾಕಿ, ಸಂಜೆ ಕೈಗೆ ಹಣ ಕೊಟ್ಟು ಕಳಿಸುತ್ತಾರೆ.